ಅತ್ತೆ ತಿಕ್ಕಿದ ಫಿಲ್ಟರ್

ಕಾಫಿ ಮಷಿನ್ನಿನೊಳಗೆ ಕಟ್ಟಿದ ಸುಣ್ಣ ಬಿಡಲೆಂದು ವಿನೆಗರ್ ಬೆರೆಸಿದ ನೀರು ಕುದಿಸಿದಾಗಲೆಲ್ಲ, ಆ ಹುಳಿ ವಾಸನೆಗೆ ನನಗೆ ಬ್ರೂಸ್‌ಪೇಟೆಯ ನಮ್ಮ ಮನೆಯ ಹಿತ್ತಲು ನೆನಪಾಗುತ್ತದೆ.

ನಾವು ಚಹಾ ಕುಡಿಯುವ ಮಂದಿ. ಹಿತ್ತಾಳೆಯ ಕಾಫಿ ಫಿಲ್ಟರ್ ಅಟ್ಟದಿಂದ ಇಳಿಯುತ್ತಿದ್ದುದು ಅಪ್ಪನ ತಂಗಿ, ನನ್ನ ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವಾಗ ಮಾತ್ರ. ಪ್ರತಿ ಸಲವೂ ಅದು ಕಪ್ಪಾಗಿರುತ್ತಿತ್ತು. ತಳದ ತೂತುಗಳಲ್ಲಿ ಹಿಂದಿನ ಸಲದ ಪುಡಿ ಗಟ್ಟಿಯಾಗಿ ಕೂತಿರುತ್ತಿತ್ತು.

ಹಾಗೆ ಗಂಡಿನ ಕಡೆಯವರು ಬರಬೇಕಿದ್ದ ಒಂದು ಮಧ್ಯಾಹ್ನವೂ ಅತ್ತೆ ಹುಣಸೆಹಣ್ಣು, ಉಪ್ಪು ಹಚ್ಚಿ ಅದನ್ನು ತಿಕ್ಕಿದಳು. ಆಮೇಲೆ ಒಂದೊಂದೇ ತೂತಿಗೆ ಸೂಜಿ ಚುಚ್ಚಿ, ಬಿಸಿಲಿಗೆ ಹಿಡಿದು ನೋಡತೊಡಗಿದಳು.

"ಫಳಫಳ ಹೊಳೀಬೇಕು ನೋಡವಾ. ಬಂದ ಮಂದಿ ಮೊದ್ಲ ಕಾಫಿ ನೋಡ್ತಾರ, ಆಮ್ಯಾಲೆ ಹುಡುಗೀನ," ಎಂದಳು ಅಜ್ಜಿ.

ಅತ್ತೆ ಇನ್ನೊಂದು ತೂತಿಗೆ ಸೂಜಿ ಚುಚ್ಚಿದಳು.

ಅಷ್ಟರಲ್ಲಿ ಅಪ್ಪ ಹಿತ್ತಲ ಬಾಗಿಲಿಗೆ ಬಂದು ನಿಂತ. "ಅವ್ರು ಬರಂಗಿಲ್ಲಂತವ್ವಾ. ಸಿರುಗುಪ್ಪದಾಗ ಬ್ಯಾರೆ ಹುಡುಗಿ ಒಪ್ಪಿಗಿ ಆಗ್ಯಾಳಂತ."

"ಇಟ್ಟುಬಿಡವಾ ಅದನ್ನ," ಎಂದಳು ಅಜ್ಜಿ, ಮೆಲ್ಲಗೆ.

ಅತ್ತೆ ಇಡಲಿಲ್ಲ. ಉಳಿದ ತೂತುಗಳನ್ನೂ ಬಿಡಿಸಿದಳು, ತೊಳೆದಳು, ಒರೆಸಿದಳು. ಅವರಿಗೆಂದು ತಂದಿಟ್ಟಿದ್ದ ಪುಡಿ ಹಾಕಿ ಬಿಸಿನೀರು ಸುರಿದಳು. ಡಿಕಾಕ್ಷನ್ ಇಳಿಯುವ ತನಕ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಳು. ಅಷ್ಟು ವರ್ಷ ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ಬಂದವಳು ಆ ಕಾಫಿಯನ್ನು ಒಮ್ಮೆಯೂ ಕುಡಿದಿರಲಿಲ್ಲ. ಅವತ್ತು ಹಾಲು, ಸಕ್ಕರೆ ಬೆರೆಸಿ, ಲೋಟ ಎತ್ತಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಇದನ್ನ ಕುಡಿಯಾಕೇನವ್ವಾ, ಅಷ್ಟು ಮಂದಿ ಬಂದು ಹೋಗಿದ್ದು?"