ಮೋಡಕ್ಕೆ ಹೋಗುವ ಹುಡುಗಿಯರು

ಮಳೆ ತಾನಾಗಿ ಬರುವುದು ನಿಂತ ಮೇಲೆ ಯಾರಾದರೂ ಮೋಡದೊಳಗೆ ಹೋಗಿ ಉಪ್ಪು ಬಿತ್ತಲೇಬೇಕು. ನಮ್ಮ ಪುಟ್ಟ ವಿಮಾನಗಳಿಗೆ ಎರಡೆರಡೇ ಸೀಟು. ಉಪ್ಪಿನ ಚೀಲ ಹೇರಿದರೆ ಒಬ್ಬರಿಗಷ್ಟೇ ಜಾಗ. ಹಾಗಾಗಿ ಪಾಸಾದ ಹುಡುಗಿಯರು ಒಬ್ಬೊಬ್ಬರೇ ಹೋಗುತ್ತಾರೆ. ಮರಳಿ ಬಂದವರು ಕಡಿಮೆ. ಅವರಿಗೆ ಹಾರಲು ಕಲಿಸುವವಳು, ಪಾಸು ಮಾಡುವವಳು ನಾನು.

ಇವತ್ತು ನನ್ನ ಮಗಳು ಮೃಣಾಲಿನಿಯ ಪರೀಕ್ಷೆ. ಚಕ್ರ ನೆಲ ಮುಟ್ಟುವ ಹೊತ್ತಿಗೆ ನನ್ನ ಕಡೆಯ ಹಿಡಿಕೆಯನ್ನು ಮೆಲ್ಲಗೆ ಎಳೆದೆ. ವಿಮಾನ ಕುಪ್ಪಳಿಸಿ ಇಳಿಯಿತು.

"ಫೇಲು," ಎಂದೆ.

"ಮತ್ತೆ ಕೈ ಹಾಕಿದೆ ನೀನು. ನಿನ್ನೆ ವಾರಿಜಕ್ಕನ ಮಗಳು ಇದಕ್ಕಿಂತ ಕೆಟ್ಟದಾಗಿ ಇಳಿಸಿದ್ಳು. ಅವಳನ್ನ ಪಾಸು ಮಾಡಿದ್ಯಲ್ಲಮ್ಮ?"

ನಾನು ಎಂಜಿನ್ ಆರಿಸಿದೆ. ಬೆಳಿಗ್ಗೆ ಮೋಡಕ್ಕೆ ಹೋದ ಮಗಳಿಗಾಗಿ ವಾರಿಜಕ್ಕ ಶೆಡ್ಡಿನ ಮುಂದೆ ಇನ್ನೂ ಆಕಾಶ ನೋಡುತ್ತಾ ನಿಂತಿದ್ದರು. ನಾವಿಬ್ಬರೂ ಅವರೆದುರೇ ವಿಮಾನದಿಂದ ಕೆಳಗಿಳಿಯಬೇಕಿತ್ತು.