ಫ್ಲಾಸ್ಕಿನ ಕಷಾಯ

ಹಲ್ಲಿನ ಡಾಕ್ಟರ ಬಾಗಿಲಲ್ಲಿ, ಅಲ್ಲಿದ್ದ ಒಂದೇ ಜೊತೆ ಬೂಟಿನ ಪಕ್ಕ ಚಪ್ಪಲಿ ಬಿಟ್ಟು ಒಳಗೆ ಕೂತೆ. ಫ್ಲಾಸ್ಕಿನಿಂದ ಒಂದೆಲಗದ ಕಷಾಯ ಬಗ್ಗಿಸಿಕೊಂಡೆ.

ಪಕ್ಕದಲ್ಲಿದ್ದ ಮೀಸೆಯವರು ಮುಖ ಸಿಂಡರಿಸಿದರು. "ಏನಮ್ಮ ಅದು?"

"ಕಷಾಯ. ಹಲ್ಲು ಕೀಳಿಸಬೇಕು, ಹೆದರಿಕೆ ಕಡಿಮೆಯಾಗಲಿ ಅಂತ."

"ಥೂ! ಸೊಪ್ಪು ಕುಡಿದರೆ ಧೈರ್ಯ ಬರುತ್ತಾ? ಇದೆಲ್ಲ ಪುಕ್ಕಲರಿಗೆ. ನನ್ನ ನೋಡಿ, ಎರಡು ದವಡೆಹಲ್ಲು ಕೀಳಿಸೋಕೆ ಬಂದಿದೀನಿ, ಒಬ್ಬನೇ!"

ಅಷ್ಟರಲ್ಲಿ ನರ್ಸ್ ಅವರ ಹೆಸರು ಕೂಗಿದಳು.

"ಫೋನ್ ಬಂತು, ಈಗ ಬಂದೆ," ಎಂದು ಮೀಸೆಯವರು ಹೊರಗೆ ಹೋದರು. ಫೋನ್ ರಿಂಗಾದದ್ದು ನನಗಂತೂ ಕೇಳಿಸಲಿಲ್ಲ.

ಕಾದೂ ಕಾದೂ ನರ್ಸ್ ನನ್ನನ್ನೇ ಕರೆದಳು.

ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ಹೊರಗೆ ಬಂದೆ. ಬಾಗಿಲಲ್ಲಿ ಆ ಗಂಡುಗಲಿಯ ಲೇಸಿನ ಬೂಟು ಹಾಗೇ ಇತ್ತು. ನನ್ನ ಹವಾಯಿ ಚಪ್ಪಲಿ ಇರಲಿಲ್ಲ.