ಹೆಂಡ್ರಿಕ್ ಹೆಸರಿನ ಪಾಸು

“ಹೆಂಡ್ರಿಕ್ ಅಂದ್ರೆ ನೀವೇನಾ ತಾಯಿ?”

ಪೆರು ದೇಶದ ಕುಸ್ಕೊ ಊರಿನ ನೇಯ್ಗೆ ಮ್ಯೂಸಿಯಂ ಬಾಗಿಲಲ್ಲಿ ಕೂತಿದ್ದ ಫೌಸ್ತಿನೊ, ಪ್ರವಾಸಿ ಪಾಸನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದ. ಎದುರಿಗೆ ಎರಡು ಜಡೆ, ದುಂಡನೆ ಹ್ಯಾಟು, ದಪ್ಪ ಲಂಗದ ನಸಾರಿಯಾ ನಿಂತಿದ್ದಳು. ಹೆಸರನ್ನು ಯಾರೂ ಓದುವುದಿಲ್ಲ, ತೂತು ಹಾಕಿ ಒಳಗೆ ಬಿಡುತ್ತಾರೆ ಎಂದು ಪಾಸು ಕೊಟ್ಟ ಹೆಂಗಸು ಧೈರ್ಯ ಹೇಳಿದ್ದಳು. ಇಷ್ಟು ದೂರ ಬಂದಾಗಿದೆ, ಇನ್ನೇನು ಹೇಳುವುದು? ನಸಾರಿಯಾ “ಹೌದು” ಎಂದುಬಿಟ್ಟಳು.

ಪಾಸು ಡಚ್ಚರ ಹೆಂಡ್ರಿಕ್‌ನದು. ಹತ್ತು ದಿನದೊಳಗೆ ಊರಿನ ಹದಿನಾರು ಜಾಗಗಳನ್ನು ಬೇರೆ ಟಿಕೆಟ್ಟಿಲ್ಲದೆ ನೋಡಬಹುದಾದ ಪಾಸು. ಪಾಪ, ಅವನಿಗೆ ಬಂದ ಮರುದಿನವೇ ಬೆಟ್ಟದ ಗಾಳಿ ಹಿಡಿದು ತಲೆ ಎತ್ತಲಾಗಲಿಲ್ಲ. ವಾರವಿಡೀ ಕೋಕಾ ಎಲೆಯ ಕಷಾಯ ಕುಡಿಯುತ್ತಾ, ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ ಪ್ರವಾಸ ಮಾಡಿದ. ಊರು ಸುತ್ತಿದವಳು ಅವನ ಹೆಂಡತಿ ಅನ್ನೆಕೆ. ನಿನ್ನೆ ಸಂಜೆ ಹೋಟೆಲಿನಲ್ಲಿ ಅವರ ಕೋಣೆಯ ಹೊದಿಕೆ ಬದಲಿಸಲು ಹೋದ ನಸಾರಿಯಾಳಿಗೆ ಆಕೆ ಫೋನಿನಲ್ಲಿ ಫೋಟೋ ತೋರಿಸಿದಳು. ಒಂದರ ಮೂಲೆಯಲ್ಲಿ, ಗಾಜಿನ ಹಿಂದೆ, ಕೆಂಪು ಹೆಗಲವಸ್ತ್ರವೊಂದರ ತುದಿ ಕಂಡಿತು. ಅದರಲ್ಲೊಂದು ಹಕ್ಕಿ ತಲೆಕೆಳಗಾಗಿತ್ತು. ನಸಾರಿಯಾ ಆಗಷ್ಟೇ ತಾನು ಹಾಸಿದ ಹಾಸಿಗೆಯ ಮೇಲೆ ಕುಸಿದು ಕೂತಳು. ಹೋಗಿ ನೋಡಿ ಬಾ ಎಂದು ಅನ್ನೆಕೆ ಗಂಡನ ಪಾಸನ್ನೇ ಅವಳ ಕೈಗಿಟ್ಟಳು.

ಹದಿನಾಲ್ಕನೇ ವಯಸ್ಸಿನಲ್ಲಿ, ಅವ್ವ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದಾಗ, ಅವ್ವನೇ ನೇಯ್ದ ಹೆಗಲವಸ್ತ್ರವನ್ನು ಅವಳು ಸಂತೆಯಲ್ಲಿ ಒಬ್ಬ ವ್ಯಾಪಾರಿಗೆ ಮಾರಿ ಔಷಧಿ ತಂದಿದ್ದಳು. ಆಮೇಲೆ ತಿಳಿಯಿತು, ಆತ ಹಳೆಯ ನೇಯ್ಗೆಗಳನ್ನು ಕತ್ತರಿಸಿ ಪ್ರವಾಸಿಗಳಿಗೆ ಕೈಚೀಲ, ಬೂಟು ಹೊಲಿಸುವವನು. ಅವ್ವ ಬದುಕಿದಳು. ಮುಂದೆ ಹನ್ನೊಂದು ವರ್ಷ ಜೊತೆಗಿದ್ದಳು, ಒಂದು ದಿನವೂ ವಸ್ತ್ರ ಎಲ್ಲಿ ಎಂದು ಕೇಳಲಿಲ್ಲ. ಕೇಳಿ ಎರಡೇಟು ಹಾಕಿದ್ದರೆ ಮಗಳಿಗೆ ಹಗುರಾಗುತ್ತಿತ್ತು. ಅಂದಿನಿಂದ ಪ್ರವಾಸಿಗಳು ಎದುರು ಬಂದರೆ ನಸಾರಿಯಾಳ ಕಣ್ಣು ಮೊದಲು ಹೋಗುವುದು ಅವರ ಚೀಲಕ್ಕೆ, ಆಮೇಲೆ ಬೂಟಿಗೆ. ಅವ್ವನ ಹಕ್ಕಿ ಯಾರ ಕಾಲಲ್ಲಿದೆಯೋ ಎಂಬ ಸಂಕಟದಲ್ಲೇ ಮೂವತ್ತನಾಲ್ಕು ವರ್ಷ ಕಳೆದಿತ್ತು.

“ಇವತ್ತು ಯಾವ ವಾರ?” ಫೌಸ್ತಿನೊ ಕೇಳಿದ.

“ಭಾನುವಾರ.”

“ಭಾನುವಾರ ಊರಿನೋರಿಗೆ ಪಾಸೂ ಬೇಡ, ಟಿಕೆಟ್ಟೂ ಬೇಡ ತಾಯಿ. ನಿಮ್ಮ ಗುರುತಿನ ಚೀಟಿ ತೋರ್ಸಿ, ಆರಾಮಾಗಿ ಒಳಗೆ ಹೋಗಿ.”

ನಸಾರಿಯಾಳಿಗೆ ಅಳು ಬರುವಂತಾಯಿತು. ಚೀಟಿ ಮನೆಯಲ್ಲಿ ಜೋಳದ ಡಬ್ಬಿಯೊಳಗಿತ್ತು.

“ಮರೆತು ಬಂದ್ರಾ?”

“ಇಲ್ಲ ಅಣ್ಣಾ. ಬೇಕಂತ್ಲೇ ಬಿಟ್ಟು ಬಂದೆ. ಅದ್ರಲ್ಲಿ ನನ್ನ ಹೆಸರಿದೆಯಲ್ಲ.”

ಫೌಸ್ತಿನೊನ ಮೀಸೆ ಅಲುಗಿತು. ಆದರೂ ನಿಯಮ ನಿಯಮವೇ, ಮುಂದಿನ ಭಾನುವಾರ ಚೀಟಿ ತನ್ನಿ ಎಂದ. ಇನ್ನೊಂದು ವಾರ ಕಾಯುವ ಶಕ್ತಿ ಅವಳಿಗಿರಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟಳು: ಜ್ವರ, ಸಂತೆ, ವ್ಯಾಪಾರಿಯ ಕತ್ತರಿ. ಹಿಂದೆ ಸಾಲಿನಲ್ಲಿದ್ದ ಪ್ರವಾಸಿಗಳು ಗೊಣಗತೊಡಗಿದ್ದರು. ಅಂಚಿನಿಂದ ಮೂರನೇ ಪಟ್ಟಿ, ಕೆಳಗಿನಿಂದ ಏಳನೇ ಹಕ್ಕಿ, ಅದೊಂದೇ ತಲೆಕೆಳಗು ಎಂದಳು.

“ಫೋಟೋದಲ್ಲಿ ಎಣಿಸಿದ್ರಾ?”

“ಫೋಟೋದಲ್ಲಿ ಬರೀ ಮೂಲೆ ಇತ್ತು. ಎಣಿಸಿದ್ದು ಚಿಕ್ಕೋಳಿದ್ದಾಗ ಅವ್ವನ ಬೆನ್ನ ಮೇಲೆ, ಅದ್ರೊಳಗೆ ಕೂತ್ಕೊಂಡು.”

ಫೌಸ್ತಿನೊ ಎದ್ದು, ಸಾಲಿನವರಿಗೆ ತಾಳಿ ಎಂದು ಕೈ ತೋರಿಸಿ ಒಳಗೆ ಹೋದ. ನಸಾರಿಯಾ ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡಳು. ಅವನು ನಿಧಾನವಾಗಿ ವಾಪಸು ಬಂದು, ತೂತು ಬೀಳದ ಪಾಸನ್ನು ಅವಳ ಕೈಗಿಟ್ಟು, ಅಡ್ಡ ಕಟ್ಟಿದ್ದ ಸರಪಳಿ ಬಿಚ್ಚಿದ.

“ಏಳನೆಯದೇ. ಹೋಗಿ ತಾಯಿ.”

ವಸ್ತ್ರ ಇಡಿಯಾಗಿತ್ತು. ನಾಲ್ಕು ಅಂಚೂ ಇದ್ದವು, ಕತ್ತರಿ ಎಲ್ಲಿಯೂ ತಾಗಿರಲಿಲ್ಲ. ನಸಾರಿಯಾ ಗಾಜಿನ ಮೇಲೆ ಬೆರಳಿಟ್ಟು ಎಣಿಸಿದಳು, ತಪ್ಪಿತೇನೋ ಎಂದು ಮತ್ತೆ ಎಣಿಸಿದಳು. ಕಣ್ಣೀರು ತಾನಾಗಿ ಹರಿಯಿತು, ಒರೆಸಿಕೊಳ್ಳಲಿಲ್ಲ. ಸಾಲಿನವರನ್ನೆಲ್ಲ ಒಳಗೆ ಬಿಟ್ಟು ಫೌಸ್ತಿನೊ ಪಕ್ಕದಲ್ಲಿ ಬಂದು ನಿಂತಾಗ, ಕೆಳಗಿನ ಫಲಕದಲ್ಲಿ ಏನು ಬರೆದಿದೆ ಓದಿ ಹೇಳಣ್ಣಾ ಎಂದಳು. ನೇಯ್ದವರು ಯಾರೋ ತಿಳಿಯದು, ತಲೆಕೆಳಗಾದ ಹಕ್ಕಿ ಬಹುಶಃ ಪಾತಾಳಲೋಕದ ಸಂಕೇತ ಎಂದು ಅವನು ಓದಿದ.

ನಸಾರಿಯಾ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. “ಎಲ್ಲಿಯ ಪಾತಾಳ! ಆ ಹಕ್ಕಿ ನೇಯುವಾಗ ಅವ್ವಂಗೆ ನೋವು ಬಂತಂತೆ. ಮಗ್ಗ ಬಿಟ್ಟು ಎದ್ಹೋಗಿ ನನ್ನ ಹೆತ್ತಳು. ಮತ್ತೆ ಬಂದು ಕೂತಾಗ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದೇ ಮರೆತುಹೋಗಿತ್ತಂತೆ.”

“ಹಾಗಾದ್ರೆ ಅದು ನೀವು” ಎಂದ ಫೌಸ್ತಿನೊ. “ಗುರುತಿನ ಚೀಟಿ ಇಲ್ಲೇ ಇತ್ತಲ್ಲ.”

ಹೊರಗೆ ಬಿಸಿಲು ಚೆನ್ನಾಗಿತ್ತು. ಮೆಟ್ಟಿಲು ಹತ್ತಿ ಇನ್ನೊಂದು ಪ್ರವಾಸಿಗಳ ಗುಂಪು ಬರುತ್ತಿತ್ತು, ಹೆಗಲಲ್ಲಿ ಬಣ್ಣಬಣ್ಣದ ಚೀಲಗಳು ತೂಗುತ್ತಿದ್ದವು. ನಸಾರಿಯಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಮುಖಗಳನ್ನು ನೋಡಿದಳು.